ಮರಸೇಬಿನ ಜಾಮ್ ಗಟ್ಟಿಯಾಗಲು

ಮೂಡಿಗೆರೆ ತೋಟದ ಎರಡು ಮೂಟೆ ಮರಸೇಬು, ಜಾಮ್ ಮಾಡಿದರೆ ಹೋಳು ಗಟ್ಟಿ, ಪಾಕ ನೀರು ಅಂದಿದ್ದೀರಲ್ಲ ಮೇಡಂ, ಸಕ್ಕರೆ ಬೇಗ ಬಿದ್ದಿದೆ. ಸಕ್ಕರೆ ಬಿದ್ದ ಮೇಲೆ ಹೋಳು ಮೆತ್ತಗಾಗೋದು ಕಷ್ಟ.

ಸಿಪ್ಪೆ, ಬೀಜದ ಭಾಗ ತೆಗೆದ 1 ಕೆಜಿ ಹಣ್ಣು ತುರಿದು, ಒಂದು ಲೋಟ ನೀರಲ್ಲಿ, ಬೆರಳಲ್ಲಿ ಹಿಸುಕಿದರೆ ಕರಗುವಷ್ಟು ಬೇಯಿಸಿ. ಆಮೇಲೆ 700 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ ಹಾಕಿ ಕುದಿಸಿ. ಈ ಹಣ್ಣಿಗೆ ಹುಳಿ ಕಮ್ಮಿ, ನಿಂಬೆ ಹಾಕದಿದ್ದರೆ ಜಾಮ್ ಗಟ್ಟಿಯಾಗಲ್ಲ. ತಣ್ಣನೆಯ ತಟ್ಟೆಗೆ ಹನಿ ಬಿಟ್ಟು ತಳ್ಳಿದಾಗ ಸುಕ್ಕುಗಟ್ಟಿದರೆ ಇಳಿಸಿ. ತಳ ಹಿಡಿಯದಂತೆ ಕೊನೆಯ ಹತ್ತು ನಿಮಿಷ ಕೈಬಿಡಬೇಡಿ.

ಹೆಚ್ಚಿದ ಹೋಳು ಕಪ್ಪಾಗದಿರಲು ಉಪ್ಪುನೀರಲ್ಲಿಡಿ. ಗಟ್ಟಿ ಕಾಯಿ ಉಪ್ಪಿನಕಾಯಿಗೆ ಚೆನ್ನ. ಒಣಗಿಸೋದು ಮಾತ್ರ ಈ ಮಳೆಯಲ್ಲಿ ಬೇಡ, ಬೂಸ್ಟು ಗ್ಯಾರಂಟಿ.