ಐದನೇ ಸೆಮ್, ಐದು ಬ್ಯಾಕ್: ಬಿಇ ಬಿಡೋದಾ, ಮುಗಿಸೋದಾ?

ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿ ಬಿಇ, ಕಂಪ್ಯೂಟರ್ ಸೈನ್ಸ್, ಐದನೇ ಸೆಮ್. 2023ರಲ್ಲಿ ಸೇರಿದ್ದು. ಐದು ಸಬ್ಜೆಕ್ಟ್ ಬ್ಯಾಕ್ (ಫೇಲಾಗಿ ಮತ್ತೆ ಬರೆಯಬೇಕಾದವು), ಅದರಲ್ಲಿ ಎರಡು ಮ್ಯಾಥ್ಸ್. ಊರು ಸಕಲೇಶಪುರದ ಕಡೆ, ಮೂರು ಎಕರೆ ಕಾಫಿ, ಅಪ್ಪನಿಗೆ ಆಳು ಸಿಗುತ್ತಿಲ್ಲ. ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ತಿಂಗಳಿಗೆ 18,000ದ ಕೆಲಸ ಕೊಡಿಸುತ್ತೇನೆ ಅಂತಿದ್ದಾರೆ. ಕಾಲೇಜು ಬಿಟ್ಟುಬಿಡಬಹುದಾ?

ಟಿಸಿಗೆ ಅರ್ಜಿ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ನಾಳೆಯೇ ಹೋಗಿ ವಾಪಸ್ ಪಡೆಯಿರಿ. ಕ್ಲಾಸಿಗೆ ಹೋಗದೆ ಇದ್ದರೂ ದಾರಿ ಉಳಿದಿರುತ್ತದೆ. ಟಿಸಿ ಕೈಗೆ ಬಂದ ಮೇಲೆ ಮತ್ತೆ ಒಳಗೆ ಬರುವುದು ಬಹಳ ಕಷ್ಟ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ಈಗ ನೀವಿರುವ ಜಾಗದಲ್ಲಿ ಬಿಡಬೇಡಿ. ಎರಡೂವರೆ ವರ್ಷ ಓದಿದ ಬಿಇಗೆ ಸರ್ಕಾರಿ ನೇಮಕಾತಿಯಲ್ಲಿ ಬೆಲೆ ಇಲ್ಲ. ಬಿಟ್ಟ ದಿನ ನೀವು ಪಿಯುಸಿ ಪಾಸಾದವರು, ಅಷ್ಟೇ. ಪಿಯುಸಿ ಮೇಲೆ ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್, ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಎಫ್‌ಡಿಎ, ಪಿಎಸ್‌ಐ, ಪಿಡಿಒ, ಕೆಎಎಸ್, ಬ್ಯಾಂಕ್ ಕ್ಲರ್ಕ್ ಎಲ್ಲದಕ್ಕೂ ಪದವಿ ಬೇಕು. ಯಾವ ಪದವಿಯಾದರೂ ಆಗುತ್ತದೆ, ಬಿಇನೂ ಆಗುತ್ತದೆ, ಆದರೆ ಮುಗಿದಿರಬೇಕು. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯೂ ಹಾಗೇ. ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಅರ್ಧಕ್ಕೆ ಬಿಟ್ಟವರಿಗೆ ಇಲ್ಲ.

"ಬಿಇ ಬಿಟ್ಟು ಡಿಪ್ಲೊಮಾ ಮಾಡ್ತೀನಿ" ಅಂತ ಹಲವರು ಹೇಳುತ್ತಾರೆ. ಪಿಯುಸಿ ಸೈನ್ಸ್ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, ನಿಜ. ಆದರೆ ಅಲ್ಲಿಂದ ಎರಡು ವರ್ಷ ಓದಬೇಕು. ಬಿಇಯಲ್ಲಿ ನಿಮಗೆ ಈ ಸೆಮ್ ಬಿಟ್ಟರೆ ಉಳಿದಿರುವುದು ಒಂದೂವರೆ ವರ್ಷ. ಹೆಚ್ಚು ಸಮಯ ಕೊಟ್ಟು ಕಡಿಮೆ ಸರ್ಟಿಫಿಕೇಟ್ ತೆಗೆದುಕೊಂಡಂತೆ ಆಗುತ್ತದೆ.

ಈಗ ಉಳಿದದ್ದನ್ನು ಲೆಕ್ಕ ಹಾಕೋಣ. ಆರು, ಏಳು, ಎಂಟನೇ ಸೆಮ್ ಬಾಕಿ. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಎಂಟನೇ ಸೆಮ್‌ನ ಬಹುಪಾಲು ಇಂಟರ್ನ್‌ಶಿಪ್. ಹಾಗಾಗಿ ಕೂತು ಓದಿ ಬರೆಯಬೇಕಾದ ದೊಡ್ಡ ಸೆಮ್‌ಗಳು ಎರಡೇ, ಜೊತೆಗೆ ಐದು ಬ್ಯಾಕ್. ವಿಟಿಯುನಲ್ಲಿ ನಾಲ್ಕು ವರ್ಷದ ಬಿಇ ಮುಗಿಸಲು ಎಂಟು ವರ್ಷದವರೆಗೆ ಅವಕಾಶ ಇದೆ. 2023ರಲ್ಲಿ ಸೇರಿದವರಿಗೆ 2031 ಕೊನೆ. ನಿಮ್ಮ ಪತ್ರದಲ್ಲಿ ಕಾಣುವ ಆತುರಕ್ಕೆ ಈ ಲೆಕ್ಕದಲ್ಲಿ ಕಾರಣ ಕಾಣುವುದಿಲ್ಲ.

ಬ್ಯಾಕ್ ವಿಷಯಕ್ಕೆ ಬರುತ್ತೇನೆ, ಇದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು. ಐದೂ ಒಂದೇ ಥರದ ಬ್ಯಾಕ್ ಅಲ್ಲ. ಆಫೀಸಿನಿಂದ ಅಥವಾ ನಿಮ್ಮ ಪ್ರಾಕ್ಟರ್ (ನಿಮ್ಮನ್ನು ನೋಡಿಕೊಳ್ಳುವ ಅಧ್ಯಾಪಕರು) ಹತ್ತಿರ ಐದೂ ಸಬ್ಜೆಕ್ಟಿನ ಐಎ, ಅಂದರೆ ಕಾಲೇಜೇ ಕೊಡುವ ಆಂತರಿಕ ಅಂಕ, ಬರೆಸಿಕೊಳ್ಳಿ. ಐಎ 50ಕ್ಕೆ 20 ಬಂದಿಲ್ಲದಿದ್ದರೆ ನೀವು ಪರೀಕ್ಷೆ ಬರೆಯಲು ಅರ್ಹರೇ ಅಲ್ಲ, ಆ ಸಬ್ಜೆಕ್ಟನ್ನು ಮತ್ತೆ ರಿಜಿಸ್ಟರ್ ಮಾಡಿಸಿ ಐಎ ಬರೆಯಬೇಕು. ಅದಕ್ಕೆ ಹಾಜರಿ, ಟೆಸ್ಟ್ ಎಲ್ಲ ಮತ್ತೆ. ಐಎ ಬಂದಿದ್ದು ಬರೀ ಪರೀಕ್ಷೆಯಲ್ಲಿ ಹೋಗಿದ್ದರೆ ಮನೆಯಲ್ಲೇ ಓದಿ ಬರೆದರೆ ಸಾಕು. ಇವೆರಡನ್ನೂ "ಐದು ಬ್ಯಾಕ್" ಅಂತ ಒಟ್ಟಿಗೆ ಎಣಿಸುವುದರಿಂದಲೇ ಅರ್ಧ ಭಯ ಹುಟ್ಟುತ್ತದೆ.

ಪಾಸಿನ ಲೆಕ್ಕ ಹೀಗೆ. ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಕನಿಷ್ಠ 18 ಬರಬೇಕು, ಐಎ ಸೇರಿ ಒಟ್ಟು 40 ಆಗಬೇಕು. ಐಎ 22 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪರೀಕ್ಷೆಯಲ್ಲಿ 18 ಸಾಕು, ಅಂದರೆ ಪೇಪರಿನ ಮೇಲೆ 35. ಐಎ ಬರೀ 20 ಇದ್ದರೆ 18 ಬಂದರೂ ಒಟ್ಟು 38 ಆಗಿ ಫೇಲ್. ಆಗ ಪೇಪರಿನ ಮೇಲೆ 40 ಬೇಕು. ಈ ಎರಡು ಅಂಕದಲ್ಲಿ ಎಡವುವವರು ಬಹಳ ಜನ, ಏಕೆಂದರೆ 35ಕ್ಕೆ ಗುರಿ ಇಟ್ಟು ಓದಿರುತ್ತಾರೆ. ನಿಮ್ಮದು ಸ್ವಾಯತ್ತ ಕಾಲೇಜಾದರೆ ಅಂಕದ ಹಂಚಿಕೆ, ಮೇಕಪ್ ಪರೀಕ್ಷೆ ಬೇರೆ ಇರಬಹುದು. ಅಲ್ಲಿನ ರೆಗ್ಯುಲೇಷನ್ ಪುಸ್ತಕ ನೋಡಿ.

ಪೇಪರಿನಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದನ್ನು ಬರೆಯಬೇಕು, 20 ಅಂಕ. ಎರಡು ಮಾಡ್ಯೂಲ್ ಪೂರ್ತಿ ಕೈವಶ ಮಾಡಿಕೊಂಡು, ಮೂರನೆಯದರಲ್ಲಿ ಅರ್ಧ ಬಂದರೆ 50ರ ಆಸುಪಾಸು ತಲುಪುತ್ತೀರಿ, ತಪ್ಪುಗಳಿಗೆ 10 ಅಂಕ ಕಳೆದರೂ ಪಾಸು. ಐದೂ ಮಾಡ್ಯೂಲ್ ಮೇಲಿಂದ ಮೇಲೆ ಓದಿ ಎಲ್ಲದರಲ್ಲೂ 5-6 ಅಂಕ ತೆಗೆಯುವ ದಾರಿ ಹಿಡಿದವರು 30ರಲ್ಲಿ ನಿಂತುಬಿಡುತ್ತಾರೆ.

ಮೊದಲ ಸೆಮ್‌ನ ಮ್ಯಾಥ್ಸ್ ಬ್ಯಾಕ್ ಇದ್ದರೆ ಐದನೇ ಮಾಡ್ಯೂಲಿನಿಂದ ಶುರು ಮಾಡಿ, ಲೀನಿಯರ್ ಆಲ್ಜಿಬ್ರಾ. ಮ್ಯಾಟ್ರಿಕ್ಸಿನ ರ್‍ಯಾಂಕ್, ಗಾಸ್ ಎಲಿಮಿನೇಷನ್, ಗಾಸ್-ಸೈಡಲ್, ರೇಲೀ ಪವರ್ ಮೆಥಡ್. ಇಲ್ಲಿ ಸೂತ್ರ ನೆನಪಿಡುವ ಹೊರೆ ಕಡಿಮೆ, ಹಂತ ತಪ್ಪದಿದ್ದರೆ ಉತ್ತರ ಬರುತ್ತದೆ. ತಪ್ಪಾಗುವ ಜಾಗಗಳು ಗೊತ್ತಿರುವಂಥವೇ. ಗಾಸ್-ಸೈಡಲ್‌ನಲ್ಲಿ ಮೊದಲು ಸಮೀಕರಣಗಳನ್ನು ಕರ್ಣದಲ್ಲಿ ದೊಡ್ಡ ಗುಣಾಂಕ ಬರುವ ಹಾಗೆ ಜೋಡಿಸಿಕೊಳ್ಳದೆ ಶುರು ಮಾಡುತ್ತಾರೆ, ಬೆಲೆಗಳು ಒಂದು ಕಡೆ ನಿಲ್ಲುವುದೇ ಇಲ್ಲ. ಎಕ್ಸ್‌ನ ಹೊಸ ಬೆಲೆ ಸಿಕ್ಕ ಕೂಡಲೇ ವೈ ಲೆಕ್ಕದಲ್ಲಿ ಅದನ್ನೇ ಹಾಕಬೇಕು, ಹಲವರು ಹಳೆಯದನ್ನೇ ಹಾಕುತ್ತಾರೆ. ರೇಲೀಯಲ್ಲಿ ಪ್ರತಿ ಸುತ್ತಿನಲ್ಲೂ ದೊಡ್ಡ ಸಂಖ್ಯೆಯನ್ನು ಹೊರಗೆ ತೆಗೆಯಬೇಕು, ಅದೇ ಐಗನ್ ವ್ಯಾಲ್ಯೂ ಕಡೆಗೆ ಹೋಗುವುದು. ದಿನಕ್ಕೆ ಒಂದೂವರೆ ಗಂಟೆ, ಹತ್ತು-ಹನ್ನೆರಡು ದಿನ, ಹಳೇ ಪೇಪರುಗಳಿಂದ ಪ್ರತಿ ಬಗೆಯ ಲೆಕ್ಕ ಎಂಟು ಸಲ ಕೈಯಲ್ಲಿ ಬಿಡಿಸಿ. ಆಮೇಲೆ ಮೂರನೇ ಮಾಡ್ಯೂಲಿನ ಡಿಫರೆನ್ಷಿಯಲ್ ಈಕ್ವೇಷನ್ ಹಿಡಿಯಿರಿ. ವಿಡಿಯೋ ನೋಡಿ ಅರ್ಥವಾಯಿತು ಅನ್ನಿಸುವುದು ಮೋಸ, ಪೆನ್ನು ಹಿಡಿದಾಗಲೇ ಎಲ್ಲಿ ಸಿಕ್ಕಿಕೊಳ್ಳುತ್ತೀರಿ ಗೊತ್ತಾಗುವುದು.

ಐದನ್ನೂ ಒಂದೇ ಸಲ ಎತ್ತಲು ಹೋಗಬೇಡಿ. ಈ ಸಲ ಈ ಸೆಮ್‌ನ ಸಬ್ಜೆಕ್ಟುಗಳ ಜೊತೆ ಎರಡು ಬ್ಯಾಕ್, ಐಎ ಹೆಚ್ಚಿರುವ ಎರಡು. ಮುಂದಿನ ಸಲ ಎರಡು, ಏಳನೇ ಸೆಮ್‌ನಲ್ಲಿ ಕೊನೆಯದು. ಹೊಸ ಸೆಮ್‌ನಲ್ಲಿ ಹೊಸ ಬ್ಯಾಕ್ ಬೀಳದಂತೆ ನೋಡಿಕೊಳ್ಳುವುದು ಹಳೆಯದನ್ನು ತೆಗೆಯುವುದಕ್ಕಿಂತ ಮುಖ್ಯ. 30, 32 ಬಂದು ಹೋದ ಪೇಪರಿದ್ದರೆ ಮುಂದಿನ ಸಲ ಫಲಿತಾಂಶ ಬಂದ ಕೂಡಲೇ ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ಕೊನೆ ದಿನ ಬೇಗ ಬಂದುಬಿಡುತ್ತದೆ.

ಮನೆಯ ಕೆಲಸದ ವಿಷಯ. ಅಪ್ಪನಿಗೆ ಕೈಸಹಾಯ ಬೇಕು ಅನ್ನುವುದು ಹಗುರವಾದ ಮಾತಲ್ಲ, ಅದನ್ನು ಬಿಟ್ಟು ಓದು ಅಂತ ಹೇಳುವ ಮನಸ್ಸು ನನಗಿಲ್ಲ. ಆದರೆ ಬೇಕಾಗಿರುವುದು ವರ್ಷವಿಡೀನಾ, ಕೆಲವು ವಾರವಾ ನೋಡಿ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾಗೆ ಹೂವಿನ ನೀರು, ಸ್ಪ್ರಿಂಕ್ಲರ್ ಪೈಪು ಹೊತ್ತು ಬದಲಿಸುವ ಕೆಲಸ. ತೊಂದರೆ ಏನೆಂದರೆ ಬೆಸ ಸೆಮಿಸ್ಟರಿನ ಪರೀಕ್ಷೆಯೂ ಡಿಸೆಂಬರ್-ಫೆಬ್ರವರಿ ನಡುವೆ ಬರುತ್ತದೆ. ಮಲೆನಾಡಿನ ಹುಡುಗರಿಗೆ ಮೂರನೇ, ಐದನೇ ಸೆಮ್‌ನಲ್ಲೇ ಬ್ಯಾಕ್ ಜಾಸ್ತಿ ಬಿದ್ದರೆ ಬುದ್ಧಿ ಸಾಲದು ಅಂತ ತೀರ್ಮಾನಿಸುವ ಮೊದಲು ಈ ಕ್ಯಾಲೆಂಡರ್ ನೋಡಬೇಕು. ಕುಯ್ಲನ್ನು ಕೆಜಿ ಲೆಕ್ಕದಲ್ಲಿ ವಹಿಸಿ, ನೀವು ಶನಿವಾರ-ಭಾನುವಾರ ತೂಕ ಮತ್ತು ಕಣ ನೋಡಿಕೊಳ್ಳುವುದು ಒಂದು ದಾರಿ. ಹಾಜರಿಯ ಲೆಕ್ಕ ನೆನಪಿರಲಿ. ವಿಟಿಯು ಕೇಳುವುದು 85 ಶೇಕಡಾ, ಸರಿಯಾದ ಕಾರಣಕ್ಕೆ 75ರವರೆಗೆ ರಿಯಾಯಿತಿ. 40 ಕ್ಲಾಸಿನ ಸಬ್ಜೆಕ್ಟಿನಲ್ಲಿ 6 ತಪ್ಪಿಸಬಹುದು, ರಿಯಾಯಿತಿ ಸಿಕ್ಕರೆ 10. ಆ 6 ಕ್ಲಾಸನ್ನು ಆಗಸ್ಟ್‌ನಲ್ಲಿ ಸುಮ್ಮನೆ ಕಳೆಯದೆ ಕುಯ್ಲಿಗೆ ಉಳಿಸಿಕೊಳ್ಳಿ.

18,000ದ ಕೆಲಸ. ಮೂಲ ವೇತನ 12,000 ಅಂದುಕೊಂಡರೆ ಪಿಎಫ್ 1,440, ಇಎಸ್‌ಐ 135 ಕಳೆದು ಕೈಗೆ 16,425. ಪಿಜಿಗೆ ಊಟ ಸೇರಿ 7,500, ಬಸ್ಸು, ಮೊಬೈಲು, ಹೊರಗಿನ ತಿಂಡಿ, ಊರಿಗೆ ಬರುವ ಖರ್ಚು 3,000 ಇಡಿ. ಮನೆಗೆ ಕಳಿಸಬಹುದಾದದ್ದು ಆರು ಸಾವಿರದ ಒಳಗೆ. ಜೊತೆಗೆ ನೀವು ಬೆಂಗಳೂರಿನಲ್ಲಿದ್ದರೆ ತೋಟದ ಕೈಸಹಾಯವೂ ಇಲ್ಲ. ಈ ಕೆಲಸ ಅಪ್ಪನ ತೊಂದರೆಗೆ ಉತ್ತರವಾಗುವುದಿಲ್ಲ, ಇದನ್ನು ಅಪ್ಪನ ಎದುರೇ ಕೂತು ಕಾಗದದ ಮೇಲೆ ಬರೆದು ಮಾತಾಡಿ. ಬ್ಯಾಕ್ ಇರುವ ವಿಷಯ ಮನೆಯಲ್ಲಿ ಹೇಳಿಲ್ಲದಿದ್ದರೆ ಅದೇ ದಿನ ಹೇಳಿಬಿಡಿ.

ಎಜುಕೇಷನ್ ಲೋನ್ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಗಮನಿಸಿ: ವರ್ಷದ ಆದಾಯ 4.5 ಲಕ್ಷದೊಳಗಿನ ಕುಟುಂಬಕ್ಕೆ ಸಿಗುವ ಕೇಂದ್ರದ ಬಡ್ಡಿ ಸಹಾಯಧನ, ಕೋರ್ಸ್ ನಡುವೆ ಬಿಟ್ಟವರಿಗೆ ಇಲ್ಲ. ಕಾಯಿಲೆಯ ಕಾರಣಕ್ಕೆ ಮಾತ್ರ ವಿನಾಯಿತಿ. ಬಿಡುವ ಮೊದಲು ಬ್ಯಾಂಕಿಗೆ ಹೋಗಿ ಕಂತು ಯಾವಾಗಿನಿಂದ ಶುರು ಅಂತ ಕೇಳಿ.

ಬಿಡುವುದೇ ಸರಿ ಅನ್ನುವ ಸಂದರ್ಭಗಳೂ ಇವೆ. ಮೊದಲ ಸೆಮ್‌ನಲ್ಲೇ ಇದು ನನ್ನದಲ್ಲ ಅಂತ ಗೊತ್ತಾದವರು ಬೇಗ ಬಿಡಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಪ್ರವೇಶದ ಕೊನೆ ದಿನ ಕಳೆದು 15 ದಿನದೊಳಗೆ ಬಿಟ್ಟರೆ 80 ಶೇಕಡಾ ಶುಲ್ಕ ವಾಪಸ್, 30 ದಿನದೊಳಗೆ ಬಿಟ್ಟರೆ ಅರ್ಧ, ಆಮೇಲೆ ಏನೂ ಇಲ್ಲ. ಅಂಥವರು ಚಿಕ್ಕಮಗಳೂರಿನ ಐಡಿಎಸ್‌ಜಿಯಂಥ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷದ ಡಿಗ್ರಿಗೆ ಸೇರಿದರೆ ನಷ್ಟ ಒಂದೇ ವರ್ಷ. ನಿಮಗೂ ಕೊನೆಗೆ ಬಿಡುವ ತೀರ್ಮಾನವೇ ಆದರೆ ಅದರ ಜೊತೆಯಲ್ಲೇ ಮುಕ್ತ ವಿಶ್ವವಿದ್ಯಾಲಯಗಳಾದ ಕೆಎಸ್‌ಒಯು ಅಥವಾ ಇಗ್ನೋದಲ್ಲಿ ಬಿಎ ಅಥವಾ ಬಿಕಾಂಗೆ ಸೇರಿ. ಇಗ್ನೋದಲ್ಲಿ ಬಿಎ ಮುಗಿಸಲು ಮೂರರಿಂದ ಆರು ವರ್ಷ ಸಮಯ ಇರುತ್ತದೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಬಿಡುವುದಕ್ಕೂ ಮುಂದುವರಿಸುವುದಕ್ಕೂ ನಡುವೆ ಇನ್ನೊಂದು ದಾರಿ ಇದೆ: ಒಂದು ವರ್ಷದ ಬ್ರೇಕ್. ಅದನ್ನು ಸೆಮ್ ಮಧ್ಯದಲ್ಲಿ ತೆಗೆದುಕೊಳ್ಳಬೇಡಿ. ಈಗ ನಡುವೆ ನಿಂತರೆ ಐದನೇ ಸೆಮ್ ಮತ್ತೆ ಸಿಗುವುದು ಮುಂದಿನ ವರ್ಷ, ಇಷ್ಟು ದಿನದ ಐಎ, ಹಾಜರಿ ಎಲ್ಲ ನೀರಿಗೆ. ಆರನೇ ಸೆಮ್ ಪರೀಕ್ಷೆ ಬರೆದು ನಿಲ್ಲಿ. ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಾಪಸ್ ಬರುವಾಗ ಸ್ಕೀಮ್ ಬದಲಾಗಿದ್ದರೆ ಒಂದೆರಡು ಸಬ್ಜೆಕ್ಟ್ ಹೆಚ್ಚುವರಿಯಾಗಿ ಬರೆಯಬೇಕಾಗಬಹುದು, ಅದಕ್ಕೆ ಸಿದ್ಧರಿರಿ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ "ರಾತ್ರಿ ನಿದ್ದೆ ಬರಲ್ಲ, ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುತ್ತೆ" ಅಂತ ಬರೆದಿದ್ದೀರಿ. ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ಮೊದಲು ಅದನ್ನು ನೋಡಿಸಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಸ್ಥಿತಿಯಲ್ಲಿ ಕಾಲೇಜು ಬಿಡುವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ, ಉಳಿಯುವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ.

ಬೆಂಗಳೂರಿನ ಕೆಲಸದವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಥವಾ ಡೆಪಾಸಿಟ್ ಕೇಳಿದರೆ ಕೊಡಬೇಡಿ, ಜೆರಾಕ್ಸ್ ಸಾಕು. ಕಾಲೇಜಿನವರೂ ಒರಿಜಿನಲ್ ಇಟ್ಟುಕೊಳ್ಳುವಂತಿಲ್ಲ, ಬಿಡುವವರ ಹತ್ತಿರ ಮುಂದಿನ ವರ್ಷಗಳ ಶುಲ್ಕ ಕೇಳುವಂತಿಲ್ಲ. ಐದೂ ಸಬ್ಜೆಕ್ಟಿನ ಹೆಸರು, ಐಎ, ಹಿಂದಿನ ಸಲ ಬಂದ ಅಂಕ ಇಲ್ಲಿ ಬರೆದು ಹಾಕಿ. ಯಾವ ಎರಡನ್ನು ಈ ಸಲ ಬರೆಯಬೇಕು ಅಂತ ನೋಡಿ ಹೇಳುತ್ತೇನೆ.