ದಪ್ಪ ಉಕ್ಕಿನ ಹಡಗು ಮುರಿಯುವುದು ಹೇಗೆ?

ಪ್ರಶ್ನೆ: 2013ರಲ್ಲಿ ಅರಬ್ಬೀ ಸಮುದ್ರದಲ್ಲಿ ದೊಡ್ಡ ಕಂಟೇನರ್ ಹಡಗೊಂದು ನಡು ಮುರಿದು ಎರಡು ತುಂಡಾಯಿತು ಎಂದು ಓದಿದೆ. ಬಂಡೆಗಾಗಲಿ, ಬೇರೆ ಹಡಗಿಗಾಗಲಿ ಡಿಕ್ಕಿ ಹೊಡೆದಿರಲಿಲ್ಲವಂತೆ. ಸುಮ್ನೆ ಅಲೆಗೇ ಹಡಗು ಮುರಿಯುತ್ತದೆಯೇ?
– ಓದುಗರು, ಮಂಗಳೂರು

ಮುರಿಯುತ್ತದೆ. ನೀವು ಓದಿದ್ದು ಎಂಒಎಲ್ ಕಂಫರ್ಟ್ ಹಡಗಿನ ಸುದ್ದಿ. 316 ಮೀಟರ್ ಉದ್ದದ ಈ ಹಡಗನ್ನು ಕಟ್ಟಿದ್ದು 2008ರಲ್ಲಿ, ಅಂದರೆ ಆಗ ಅದಕ್ಕೆ ಐದೇ ವರ್ಷ. 4,382 ಕಂಟೇನರ್ ಹೊತ್ತು ಸಿಂಗಪುರದಿಂದ ಜೆಡ್ಡಾಕ್ಕೆ ಹೊರಟಿತ್ತು. ಜೂನ್ 17ರಂದು, ಯೆಮನ್ ಕರಾವಳಿ ಇನ್ನೂ ದೂರ ಇರುವಾಗಲೇ, ನಡುಭಾಗ ಬಿರಿಯಿತು. ಮುಂಗಾರಿನಲ್ಲಿ ಆ ಕಡಲು ಹೇಗಿರುತ್ತದೆ ಅಂತ ಮಂಗಳೂರಿನವರಿಗೆ ನಾನು ಹೇಳಬೇಕಿಲ್ಲ. ಪುಣ್ಯಕ್ಕೆ 26 ಸಿಬ್ಬಂದಿಯೂ ಬದುಕಿದರು. ಹಿಂದಿನ ತುಂಡು ಜೂನ್ 27ಕ್ಕೆ ಮುಳುಗಿತು. ಮುಂದಿನ ತುಂಡಿಗೆ ಬೆಂಕಿ ಬಿದ್ದು ಜುಲೈ 11ಕ್ಕೆ ಅದೂ ಹೋಯಿತು.

ಆಗಿದ್ದೇನು? ಹಡಗಿನ ಒಡಲನ್ನು ಉದ್ದನೆಯ ಒಂದು ತೊಲೆ ಅಂದುಕೊಳ್ಳಿ. ಅಲೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ ನಡು ಮೇಲೇಳುತ್ತದೆ, ಎರಡೂ ತುದಿಗಳು ಜೋತು ಬೀಳುತ್ತವೆ. ಇದಕ್ಕೆ ಹಾಗಿಂಗ್ ಎನ್ನುತ್ತಾರೆ. ಆಗ ಮೇಲಿನ ಡೆಕ್ ಎಳೆತಕ್ಕೆ ಸಿಗುತ್ತದೆ, ತಳ ಒತ್ತಡಕ್ಕೆ ಸಿಗುತ್ತದೆ. ಅಲೆಯ ತಗ್ಗು ನಡುವಿಗೆ ಬಂದರೆ ಎಲ್ಲ ಉಲ್ಟಾ, ಅದು ಸ್ಯಾಗಿಂಗ್. ಬಿರುಸಿನ ಕಡಲಲ್ಲಿ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಈ ಬಾಗಾಟ ನಡೆಯುತ್ತಲೇ ಇರುತ್ತದೆ. ಕಂಟೇನರ್ ಹಡಗಿಗೆ ಇನ್ನೊಂದು ಕಷ್ಟವೂ ಇದೆ. ವೇಗ ಬೇಕೆಂದು ಅದರ ಮುಂದು, ಹಿಂದು ಎರಡನ್ನೂ ಚೂಪಾಗಿ ಕಟ್ಟಿರುತ್ತಾರೆ. ಹೀಗಾಗಿ ತುದಿಗಳನ್ನು ನೀರು ಅಷ್ಟಾಗಿ ಎತ್ತಿ ಹಿಡಿಯುವುದಿಲ್ಲ, ಸರಕಿನ ಭಾರ ಮಾತ್ರ ಅಲ್ಲೂ ಇರುತ್ತದೆ. ಅಲೆ ಇಲ್ಲದ ಬಂದರಿನಲ್ಲಿ ನಿಂತಾಗಲೂ ಅದು ಸ್ವಲ್ಪ ಹಾಗಿಂಗ್‌ನಲ್ಲೇ ಇರುತ್ತದೆ.

ಇಂಥ ಹಡಗಿನ ಮೇಲ್ಭಾಗ ಪೂರ್ತಿ ತೆರೆದಿರುವುದರಿಂದ ವಿನ್ಯಾಸಕಾರರ ಕಣ್ಣೆಲ್ಲ ಡೆಕ್ಕಿನ ಅಂಚಿನ ಮೇಲೆ. ಅಲ್ಲಿ ತುಂಬಾ ದಪ್ಪದ, ಒಳ್ಳೆಯ ಉಕ್ಕನ್ನು ಹಾಕುತ್ತಾರೆ. ಎಂಒಎಲ್ ಕಂಫರ್ಟ್ ಕೈಕೊಟ್ಟಿದ್ದು ತಳದಲ್ಲಿ. ಪ್ಲಾಸ್ಟಿಕ್ ಸ್ಕೇಲಿನ ಎರಡೂ ತುದಿ ಹಿಡಿದು ಒಳಕ್ಕೆ ಒತ್ತಿ ನೋಡಿ. ಅದು ತುಂಡಾಗುವ ಮೊದಲೇ ಪಕ್ಕಕ್ಕೆ ಬಾಗಿ ಉಬ್ಬುತ್ತದೆ, ಅಲ್ವಾ? ಉಕ್ಕಿನ ತಗಡೂ ಹಾಗೆಯೇ. ಒತ್ತಿದಾಗ ಅದು ಉಕ್ಕಿನ ಪೂರ್ತಿ ಬಲ ಮುಗಿಯುವ ತನಕ ಕಾಯುವುದಿಲ್ಲ, ಮೊದಲೇ ಉಬ್ಬಿಬಿಡಬಹುದು. ಒಂದು ತಗಡು ಉಬ್ಬಿದರೆ ಅದರ ಪಾಲಿನ ಭಾರ ಪಕ್ಕದ ತಗಡಿಗೆ ಬೀಳುತ್ತದೆ. ಆಮೇಲೆ ಅದರ ಪಕ್ಕದ್ದಕ್ಕೆ.

ತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು. ಕೆಳಗಿನಿಂದ ನೀರು ಒತ್ತುವುದರಿಂದ ತಳದ ತಗಡುಗಳು ಬೇರೆಯೇ ಒಂದು ಬಾಗುವಿಕೆಯನ್ನೂ ತಾಳಬೇಕು. ಉದ್ದದ ಒತ್ತಡದ ಜೊತೆಗೆ ಇದೂ ಸೇರಿದರೆ ತಳದ ತಾಕತ್ತು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆಯಾಗುತ್ತದೆ. ಅದೇ ಮಾದರಿಯ ಬೇರೆ ಹಡಗುಗಳನ್ನು ಪರೀಕ್ಷಿಸಿದಾಗ ತಳದ ತಗಡಿನಲ್ಲಿ ಸುಮಾರು 20 ಮಿಲಿಮೀಟರ್ ಎತ್ತರದ ಉಬ್ಬುಗಳು ಕಂಡವು. ಕೂಡಲೇ ಆ ಹಡಗುಗಳ ತಳವನ್ನು ಬಲಪಡಿಸಿದರು. 2015ರಲ್ಲಿ ಕಂಟೇನರ್ ಹಡಗುಗಳ ನಿಯಮವೂ ಬದಲಾಯಿತು. ನನಗೆ ಬೇಸರ ಇರುವುದು ಇಲ್ಲಿ: 2007ರ ಜನವರಿಯಲ್ಲೇ ಎಂಎಸ್‌ಸಿ ನಾಪೊಲಿ ಎಂಬ ಹಡಗು ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಹೀಗೆಯೇ ತಗಡು ಉಬ್ಬಿ ಬಿರಿದಿತ್ತು. ಆ ಪಾಠ ನಿಯಮದ ಪುಸ್ತಕಕ್ಕೆ ಸೇರಲು ಇನ್ನೊಂದು ದೊಡ್ಡ ಹಡಗು ಮುಳುಗಬೇಕಾಯಿತು.

ಪ್ರಶ್ನೆ: ಡಿಕ್ಕಿಯಿಂದ ಹಡಗನ್ನು ಉಳಿಸಲು ಪಕ್ಕದ ತಗಡನ್ನು ಎರಡು ಪಟ್ಟು ದಪ್ಪ ಮಾಡಿದರೆ ಸಾಲದೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಸಾಲದು. ಲೆಕ್ಕ ನೀವೇ ಹಾಕಿ ನೋಡಿ. ಒಂದು ಲಕ್ಷ ಟನ್ನಿನ ಹಡಗು 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ವೇಗದಲ್ಲಿ ಬರುತ್ತಿದ್ದರೆ ಅದರ ಚಲನಶಕ್ತಿ ಸುಮಾರು 300 ಕೋಟಿ ಜೂಲ್. ಪಕ್ಕದ ತಗಡು ಎರಡು ಸೆಂಟಿಮೀಟರ್ ಇರಲಿ, ನಾಲ್ಕು ಇರಲಿ, ಈ ಹೊಡೆತವನ್ನು ಅದೊಂದೇ ತಡೆಯಲಾರದು. ಭಾರ ಜಾಸ್ತಿಯಾಗಿ ಹೊರುವ ಸರಕು ಕಡಿಮೆಯಾಗುತ್ತದೆ, ಅಷ್ಟೇ. ಹಾಗಾಗಿ ಹಡಗು ಕಟ್ಟುವವರು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ: ಒಡೆದ ಮೇಲೆ ನೀರು ಎಲ್ಲಿ ನಿಲ್ಲುತ್ತದೆ?

1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಹತ್ತಿರ, ಮಂಜಿನಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್ ಹಡಗು ಇಟಲಿಯ ಆಂಡ್ರಿಯಾ ಡೋರಿಯಾದ ಬಲಪಕ್ಕಕ್ಕೆ ಗುದ್ದಿತು. ಸ್ಟಾಕ್‌ಹೋಮ್‌ನ ಮೂತಿ ಪೂರ್ತಿ ನುಜ್ಜುಗುಜ್ಜಾಯಿತು. ಆದರೂ ಅದು ಮುಳುಗಲಿಲ್ಲ. ಇನ್ನೊಂದು ಹಡಗಿನ ನೂರಾರು ಜನರನ್ನು ಹತ್ತಿಸಿಕೊಂಡು ನ್ಯೂಯಾರ್ಕ್ ಮುಟ್ಟಿತು. ಆಮೇಲೂ ಹಲವು ದಶಕ ಸಂಚರಿಸಿತು. ಮೂತಿ ಜಜ್ಜಿಹೋದರೂ ಅದರ ಹಿಂದಿನ ಅಡ್ಡಗೋಡೆ, ಅಂದರೆ ಒಡಲನ್ನು ಕೋಣೆಗಳಾಗಿ ಬೇರ್ಪಡಿಸುವ ಗೋಡೆ, ನೀರನ್ನು ಒಳಗೆ ಬಿಡಲಿಲ್ಲ. ಇಂಥ ಗೋಡೆ ಇಂದು ಪ್ರತಿ ದೊಡ್ಡ ಹಡಗಿಗೂ ಕಡ್ಡಾಯ. ಮೂತಿಯ ತುದಿಯಿಂದ ಅದು ಎಷ್ಟು ದೂರದಲ್ಲಿ ಇರಬೇಕು ಎನ್ನುವುದಕ್ಕೂ ಅಂತರರಾಷ್ಟ್ರೀಯ ನಿಯಮವಿದೆ.

ಆಂಡ್ರಿಯಾ ಡೋರಿಯಾದ ಕಥೆ ಬೇರೆ. ಅದರಲ್ಲೂ ಅಡ್ಡಗೋಡೆಗಳಿದ್ದವು. ಆದರೆ ಪ್ರಯಾಣದ ಕೊನೆಯಾದ್ದರಿಂದ ತಳದ ಎಣ್ಣೆ ಟ್ಯಾಂಕುಗಳು ಬಹುಪಾಲು ಖಾಲಿಯಾಗಿದ್ದವು. ಅವಕ್ಕೆ ಸಮುದ್ರದ ನೀರು ತುಂಬಿಸಿ ಹಡಗಿನ ತೂಕ ಕಾಯಬೇಕಿತ್ತು, ತುಂಬಿಸಿರಲಿಲ್ಲ. ಹೊಡೆತ ಬಿದ್ದ ಬಲಬದಿಯ ಟ್ಯಾಂಕುಗಳಿಗೆ ನೀರು ನುಗ್ಗಿತು, ಎಡಬದಿಯವು ಗಾಳಿ ತುಂಬಿಕೊಂಡು ಹಗುರಾಗಿಯೇ ಉಳಿದವು. ಹಡಗು ಕೂಡಲೇ 18 ಡಿಗ್ರಿಗೂ ಹೆಚ್ಚು ವಾಲಿತು. ಅದನ್ನು ಕಟ್ಟುವಾಗ ಲೆಕ್ಕಕ್ಕೆ ಹಿಡಿದಿದ್ದ ಗರಿಷ್ಠ ವಾಲು 15 ಡಿಗ್ರಿ. ಅದಕ್ಕಿಂತ ಹೆಚ್ಚು ವಾಲಿದ ಮೇಲೆ ಅಡ್ಡಗೋಡೆಗಳ ತಲೆಯ ಮೇಲಿಂದಲೇ ನೀರು ಮುಂದಿನ ಕೋಣೆಗೆ ಇಳಿಯುತ್ತದೆ. ಎಡಬದಿಯ ಲೈಫ್‌ಬೋಟುಗಳನ್ನು ಇಳಿಸಲೂ ಆಗಲಿಲ್ಲ. ಸುಮಾರು 11 ಗಂಟೆ ತೇಲಿ, ಮರುದಿನ ಬೆಳಿಗ್ಗೆ ಮುಳುಗಿತು. ಹನ್ನೊಂದು ಗಂಟೆ ತೇಲಿದ್ದರಿಂದಲೇ ಅದರಲ್ಲಿದ್ದ ಬಹುತೇಕರು ಬದುಕಿದರು. ಸತ್ತವರಲ್ಲಿ ಹೆಚ್ಚಿನವರು ಮೂತಿ ನೇರವಾಗಿ ನುಗ್ಗಿದ ಕೋಣೆಗಳಲ್ಲಿದ್ದವರು.

ನೀವು ಕೇಳಿದ 'ಎರಡು ಪಟ್ಟು' ಇನ್ನೊಂದು ರೂಪದಲ್ಲಿ ಇದ್ದೇ ಇದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ತೈಲ ಹಡಗು ಬಂಡೆಗೆ ತಾಗಿ ಎಣ್ಣೆ ಚೆಲ್ಲಿದ ಮೇಲೆ ತೈಲ ಹಡಗುಗಳಿಗೆ ಜೋಡಿ ಒಡಲು ಬಂತು. ಎರಡು ತಗಡುಗಳ ನಡುವೆ ಖಾಲಿ ಜಾಗ, ದೊಡ್ಡ ಹಡಗಿನಲ್ಲಿ ಸುಮಾರು ಎರಡು ಮೀಟರ್. ಹೊರಗಿನದು ಹರಿದರೂ ಒಳಗಿನದು ಉಳಿಯಲಿ ಎಂದು.

ಪ್ರಶ್ನೆ: ತೀರಾ ಚಳಿಯಲ್ಲಿ ಉಕ್ಕು ಗಾಜಿನಂತೆ ಒಡೆಯುತ್ತದೆ ಎನ್ನುತ್ತಾರೆ. ನಿಜವೇ?
– ಓದುಗರು, ಕಾರವಾರ

ಕೆಲವು ಬಗೆಯ ಉಕ್ಕಿನ ಮಟ್ಟಿಗೆ ನಿಜ. ಅದಕ್ಕೆ ತೀರಾ ಚಳಿಯೂ ಬೇಕಿಲ್ಲ. 1943ರ ಜನವರಿ 16ರ ರಾತ್ರಿ, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು ಕಟ್ಟೆಗೆ ಕಟ್ಟಿ ನಿಂತಿತ್ತು. ಅಲೆ ಇರಲಿಲ್ಲ, ಗಾಳಿ ಶೂನ್ಯಕ್ಕಿಂತ ಬರೀ ಎರಡು ಮೂರು ಡಿಗ್ರಿ ಕೆಳಗಿತ್ತು. ದೊಡ್ಡ ಸದ್ದಿನೊಂದಿಗೆ ಡೆಕ್ ಮತ್ತು ಎರಡೂ ಪಕ್ಕ ಸೀಳಿ, ತಳದ ತಗಡು ಮಾತ್ರ ಉಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಎಂಬ ಸರಕು ಹಡಗುಗಳಲ್ಲೂ ಇದೇ ಕಾಟ. ಎಲ್ಲರೂ ವೆಲ್ಡಿಂಗ್ ಸರಿಯಿಲ್ಲ ಎಂದು ಬೈದರು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ, ಅಸಲಿ ದೋಷ ಉಕ್ಕಿನಲ್ಲಿದೆ ಎಂದು ತೋರಿಸಿದರು. ತಣ್ಣಗಾದಾಗ ಆ ಉಕ್ಕು ಬಾಗುವ ಗುಣ ಕಳೆದುಕೊಂಡು ಪಟ್ಟನೆ ಬಿರಿಯುತ್ತಿತ್ತು.

ವೆಲ್ಡಿಂಗಿನ ಪಾತ್ರವೂ ಇತ್ತು, ಆದರೆ ಬೇರೆ ರೀತಿಯಲ್ಲಿ. ರಿವೆಟ್ (ತಗಡುಗಳನ್ನು ಜೋಡಿಸುವ ಲೋಹದ ಮೊಳೆ) ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ವೆಲ್ಡ್ ಮಾಡಿದ ಹಡಗಿನಲ್ಲಿ ತಗಡುಗಳೆಲ್ಲ ಒಂದೇ, ಬಿರುಕು ನಿಲ್ಲದೆ ಓಡುತ್ತದೆ. ಲಿಬರ್ಟಿ ಹಡಗುಗಳ ಹ್ಯಾಚ್, ಅಂದರೆ ಸರಕು ಇಳಿಸಲು ಡೆಕ್ಕಿನಲ್ಲಿರುವ ಬಾಯಿ, ಅದರ ಮೂಲೆಗಳು ಚೌಕಾಕಾರ ಇದ್ದವು, ಬಿರುಕು ಹುಟ್ಟಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆ ಮೂಲೆಗಳನ್ನು ದುಂಡಗೆ ಮಾಡಿ, ಒಡಲಿನ ಉದ್ದಕ್ಕೂ ರಿವೆಟ್ ಹೊಡೆದ ಪಟ್ಟಿ ಸೇರಿಸಿದ ಮೇಲೆ ಕಾಟ ಇಳಿಯಿತು. ಇಂದು ಹಡಗಿನ ಉಕ್ಕಿಗೆ ಎ, ಬಿ, ಡಿ, ಇ ಎಂಬ ದರ್ಜೆಗಳಿವೆ. ಇ ದರ್ಜೆಯದನ್ನು ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ತಣ್ಣಗೆ ಮಾಡಿ, ಸುತ್ತಿಗೆಯಿಂದ ಹೊಡೆದು ಪರೀಕ್ಷಿಸುತ್ತಾರೆ. ಇಡೀ ಹಡಗಿಗೆ ಅದನ್ನೇ ಹಾಕುವುದಿಲ್ಲ, ದುಬಾರಿ. ಡೆಕ್ಕಿನ ಅಂಚು, ತಳ ತಿರುಗುವ ಮೂಲೆ, ಇಂಥ ಕಡೆ ಉದ್ದಕ್ಕೂ ಒಂದು ಸಾಲು ಹಾಕುತ್ತಾರೆ. ಎಲ್ಲೋ ಹುಟ್ಟಿದ ಬಿರುಕು ಅಲ್ಲಿಗೆ ಬಂದಾಗ ಮುಂದೆ ಓಡದಿರಲಿ ಎಂದು.