ಸೇಫ್ಟಿ ಒಳನುಗ್ಗಿ ಸ್ಯಾಕ್ ಮಾಡಿದಾಗ ತಪ್ಪು ಲೈನಿನದೋ, ಕೋಚ್‌ರದೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮುಂದಿನ ಸಾಲಾದ ಲೈನಿನಲ್ಲಿ ಐವರು ಬ್ಲಾಕರ್‌ಗಳಿದ್ದರೂ ಎದುರಾಳಿ ಸೇಫ್ಟಿ (ರಕ್ಷಣೆಯ ಕೊನೆಯ ಸಾಲಿನ ಆಟಗಾರ) ಯಾರ ತಡೆಯೂ ಇಲ್ಲದೆ ನುಗ್ಗಿ ಚೆಂಡು ಎಸೆಯುವ ನಿಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು ಪದೇ ಪದೇ ಕೆಡವುತ್ತಿದ್ದರೆ (ಅದೇ ಸ್ಯಾಕ್), ಅದಕ್ಕೆ ಕಾರಣ ಬಹುಮಟ್ಟಿಗೆ ಲೈನಿನ ಬಲಹೀನತೆಯಲ್ಲ, ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಕ್ಷಣಕ್ಕೆ) ಮುಂಚೆ ನುಗ್ಗಬಲ್ಲವರನ್ನು ಎಣಿಸುವುದರಲ್ಲಾದ ತಪ್ಪು.

ಮರುಪ್ರಸಾರವನ್ನು ಸ್ನ್ಯಾಪ್‌ಗೆ ಮೊದಲು ನಿಲ್ಲಿಸಿ, ಸೇಫ್ಟಿಗಳು ನಿಂತ ಜಾಗವನ್ನು ಗುರುತಿಸಿಕೊಳ್ಳಿ. ಹೆಸರಾಂತ ಸೇಫ್ಟಿ ಟ್ರಾಯ್ ಪೊಲಮಾಲು ಅವರ ಹಿರಿಮೆ ಇದ್ದದ್ದೇ ಇಲ್ಲಿ: ಅವರು ಲೈನಿನ ಹತ್ತಿರ ನಿಂತು ಹಿಂದೆ ಸರಿಯುತ್ತಿದ್ದರು, ಇಲ್ಲವೇ ದೂರದಿಂದ ಬಂದು ಸ್ನ್ಯಾಪ್ ಆಗುವ ಕ್ಷಣಕ್ಕೇ ನುಗ್ಗುತ್ತಿದ್ದರು.

ಬಳಿಕ ನಿಜವಾಗಿ ನುಗ್ಗಿದವರನ್ನು ಎಣಿಸಿ. ಆರು ಮಂದಿ ಬಂದು ತಡೆಯಲು ಐವರೇ ಇದ್ದರೆ ಒಬ್ಬ ಉಳಿದೇ ಉಳಿಯುತ್ತಾನೆ. ಆಗ ಚೆಂಡನ್ನು ಬೇಗ ಎಸೆಯುವುದು ಕ್ವಾರ್ಟರ್‌ಬ್ಯಾಕ್‌ನ ಹೊಣೆ, ಹಾಗೆ ಎಸೆಯಲು ಹತ್ತಿರದ ದಾರಿಯೊಂದನ್ನು ಯೋಜನೆಯಲ್ಲಿ ಇಟ್ಟಿರಬೇಕಾದದ್ದು ಕೋಚ್‌ರ ಹೊಣೆ. ನಾಲ್ವರೇ ಐವರನ್ನು ಸೋಲಿಸಿದ್ದರೆ ಮಾತ್ರ ಲೈನನ್ನು ದೂರಿ. 2021ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಎರಡೂ ಬದಿಯ ಮುಖ್ಯ ಟ್ಯಾಕಲ್‌ಗಳಿಲ್ಲದ (ಲೈನಿನ ಅಂಚಿನ ಬ್ಲಾಕರ್‌ಗಳಿಲ್ಲದ) ಕ್ಯಾನ್ಸಾಸ್ ಸಿಟಿ, ಹೆಚ್ಚು ಬ್ಲಿಟ್ಜ್ ಮಾಡದ (ಹೆಚ್ಚುವರಿ ಆಟಗಾರರನ್ನು ನುಗ್ಗಿಸದ) ಟ್ಯಾಂಪಾ ಬೇ ಎದುರು 31-9ರಿಂದ ಸೋತದ್ದು ಹೀಗೆಯೇ.

ಕೊನೆಗೆ ಸಮಯವನ್ನು ಅಳೆಯಿರಿ. ಚೆಂಡು ಮೂರು ಸೆಕೆಂಡುಗಳಿಗಿಂತ ಹೆಚ್ಚು ಕೈಯಲ್ಲೇ ಉಳಿದಿದ್ದರೆ ನಾನಂತೂ ಲೈನನ್ನು ದೂರುವುದಿಲ್ಲ. 64 ಇಂಟರ್‌ಸೆಪ್ಷನ್‌ಗಳನ್ನು (ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿಯುವುದು) ಪಡೆದ ಎಡ್ ರೀಡ್ ಅವರಂಥ ಸೇಫ್ಟಿ ಹಿಂದೆ ಕಾಯುತ್ತಿರುವಾಗ ಎಸೆಯುವ ಕೈ ತಡವರಿಸುವುದು ಸಹಜ.

ಯಾವ ಬ್ಲಾಕರ್‌ಗೆ ಯಾರನ್ನು ತಡೆಯುವ ಕೆಲಸ ಒಪ್ಪಿಸಲಾಗಿತ್ತು ಎಂಬುದು ಟಿವಿಯಲ್ಲಿ ಖಚಿತವಾಗಿ ಕಾಣುವುದಿಲ್ಲ. ಆದ್ದರಿಂದ ಒಂದೇ ಸ್ನ್ಯಾಪ್‌ನ ಆಟವನ್ನು ನೋಡಿ ಒಬ್ಬನ ಹೆಸರು ಹಿಡಿಯಬೇಡಿ. ಅದೇ ಬಿರುಕು ವಿರಾಮದ ನಂತರವೂ ತೆರೆದುಕೊಂಡಿದ್ದರೆ, ಪ್ರಶ್ನೆಯನ್ನು ಕೋಚ್‌ರಿಗೇ ಕೇಳಬೇಕು.